ಡೇಟಾಶೀಟ್ ಓದುವ ನಾವು ಗೆಜೆಟ್ ಯಾಕೆ ಓದಲ್ಲ?



ಲ್ಯಾಬಿನಲ್ಲಿ ಹೊಸ ಐಸಿ ಒಂದು ಕೈಗೆ ಬಂದರೆ ನಾವು ಮೊದಲು ಏನು ಮಾಡ್ತೀವಿ? ಅದರ ಡೇಟಾಶೀಟ್ ಹುಡುಕ್ತೀವಿ. ಎಷ್ಟು ವೋಲ್ಟ್ ತಡೆಯತ್ತೆ, ಗ್ರೌಂಡ್ ಪಿನ್ ಯಾವುದು, ಮಿತಿ ದಾಟಿದರೆ ಏನಾಗತ್ತೆ ಅಂತ ನೋಡ್ಕೊಂಡೇ ಸಪ್ಲೈ ಕೊಡ್ತೀವಿ. ಓದದೆ ಕೊಟ್ಟರೆ ಹೊಗೆ ಬರತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಕಾರ್ಮಿಕರ ಹಕ್ಕು, ಸಾಮಾಜಿಕ ನ್ಯಾಯ, ಹೊಸ ಕಾನೂನು ಅಂತ ವಾಟ್ಸಾಪಿನಲ್ಲಿ ಏನಾದರೂ ಬಂದರೆ ಇದೇ ನಾವು ಮೂಲ ಕಾಗದ ನೋಡದೆ ಫಾರ್ವರ್ಡ್ ಒತ್ತುತ್ತೀವಿ. ಪರ ಇರೋರೂ ಹಾಗೇ, ವಿರೋಧ ಇರೋರೂ ಹಾಗೇ.

ಈ ಸಲದ ಪಾಠ ಅದರ ಬಗ್ಗೆಯೇ. ನ್ಯಾಯದ ಪರ ಕೆಲಸ ಮಾಡಬೇಕು ಅನ್ನೋ ವಿದ್ಯಾರ್ಥಿಗೆ ಆನ್‌ಲೈನಿನಲ್ಲಿ ಏನೇನು ಸಿಗತ್ತೆ, ಅದನ್ನ ಹೇಗೆ ಓದಬೇಕು, ಓದಿ ಏನು ಮಾಡಬೇಕು ಅಂತ ನೋಡೋಣ. "ಎಡಪಂಥ" ಅನ್ನೋ ಪದ ಕೇಳಿದ ಕೂಡಲೇ ಕೆಲವರು ಹುಬ್ಬೇರಿಸ್ತಾರೆ. ಪಕ್ಷ, ಬಾವುಟ ಎಲ್ಲ ಪಕ್ಕಕ್ಕಿಟ್ಟರೆ ಆ ಕಡೆಯ ಚಿಂತನೆ ಮೂರು ಪ್ರಶ್ನೆಗಳಿಂದ ಶುರುವಾಗತ್ತೆ. ದುಡಿಯೋರು ಯಾರು? ಲಾಭ ಯಾರಿಗೆ? ತೀರ್ಮಾನ ಯಾರದು? ಉತ್ತರದಲ್ಲಿ ನಿಮಗೂ ಅವರಿಗೂ ಜಗಳ ಇರಬಹುದು. ಪ್ರಶ್ನೆ ಕೇಳೋದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಎರಡು ತಿಂಗಳ ಅಂತರ

ಮೊದಲು ನಮ್ಮ ಊರಿನದೇ ಒಂದು ಪ್ರಸಂಗ. 2016ರ ಫೆಬ್ರವರಿ 10ರಂದು ಕೇಂದ್ರ ಸರ್ಕಾರ ಭವಿಷ್ಯನಿಧಿ, ಅಂದರೆ ಪಿಎಫ್ ನಿಯಮ ಬದಲಿಸಿ ಒಂದು ಅಧಿಸೂಚನೆ ಹೊರಡಿಸಿತು. ಅಲ್ಲಿಯವರೆಗೆ ಕೆಲಸ ಬಿಟ್ಟವರು ಎರಡು ತಿಂಗಳು ಕೆಲಸವಿಲ್ಲದೆ ಇದ್ದರೆ ತಮ್ಮ ಪಾಲು, ಮಾಲೀಕರ ಪಾಲು ಎರಡನ್ನೂ ತೆಗೆದುಕೊಳ್ಳಬಹುದಿತ್ತು. ಹೊಸ ನಿಯಮದ ಪ್ರಕಾರ ಮಾಲೀಕರು ಕಟ್ಟಿದ ಪಾಲು 58 ವರ್ಷ ತುಂಬೋವರೆಗೆ ಸಿಗೋ ಹಾಗಿರಲಿಲ್ಲ.

ಆಫೀಸಿನಲ್ಲಿ ಕೂತು ನೋಡೋರಿಗೆ ಇದು ಒಳ್ಳೆ ಉಳಿತಾಯ ಯೋಜನೆ ಥರ ಕಾಣಬಹುದು. ಗಾರ್ಮೆಂಟ್ಸಿನಲ್ಲಿ ಹೊಲಿಗೆ ಹಾಕೋ ಹೆಣ್ಣುಮಗಳಿಗೆ ಹಾಗಲ್ಲ. 58ರವರೆಗೆ ಆ ಮೆಷಿನ್ ಮುಂದೆ ಕೂರೋಕೆ ಕಣ್ಣು, ಸೊಂಟ ಬಿಡಬೇಕಲ್ಲ. ಮಕ್ಕಳ ಫೀಸು, ಮನೆಯ ಭೋಗ್ಯ, ತೀರದ ಕೈಸಾಲ ಎಲ್ಲಕ್ಕೂ ಅವಳ ಹತ್ತಿರ ಇರೋ ಒಂದೇ ಗಂಟು ಪಿಎಫ್.

ಏಪ್ರಿಲ್ 18ರಂದು ಹೊಸೂರು ರಸ್ತೆಯಲ್ಲಿ ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು ಬೀದಿಗೆ ಬಂದರು. ಅವರಲ್ಲಿ ಹೆಚ್ಚಿನವರು ಹೆಂಗಸರು. ಮರುದಿನ ಪೀಣ್ಯ, ಜಾಲಹಳ್ಳಿ ಕಡೆಯ ತುಮಕೂರು ರಸ್ತೆಯೂ ನಿಂತುಹೋಯಿತು. ಯಾವ ದೊಡ್ಡ ಸಂಘವೂ ಮುಂದೆ ನಿಂತು ನಡೆಸಿದ ಮುಷ್ಕರ ಅದಾಗಿರಲಿಲ್ಲ. ಲಾಠಿಚಾರ್ಜ್ ಆಯ್ತು, ಕಲ್ಲು ತೂರಾಟ ಆಯ್ತು, ಬಸ್ಸುಗಳಿಗೆ ಬೆಂಕಿ ಬಿತ್ತು, ಬಂಧನಗಳಾದವು. ಏಪ್ರಿಲ್ 19ರಂದು ಕೇಂದ್ರ ಸರ್ಕಾರ ಅಧಿಸೂಚನೆಯನ್ನ ವಾಪಸ್ ತೆಗೆದುಕೊಳ್ಳುವುದಾಗಿ ಪ್ರಕಟಿಸಿತು. ಇಡೀ ದೇಶದ ಕಾರ್ಮಿಕರಿಗೆ ಅದರ ಫಲ ಸಿಕ್ಕಿತು.

ಈ ಕಥೆಯಲ್ಲಿ ನಾವು ಗಮನಿಸಬೇಕಾದದ್ದು ದಿನಾಂಕಗಳನ್ನ. ಫೆಬ್ರವರಿ 10ಕ್ಕೂ ಏಪ್ರಿಲ್ 18ಕ್ಕೂ ನಡುವೆ ಎರಡು ತಿಂಗಳಿಗೂ ಹೆಚ್ಚು ಕಾಲ ಇದೆ. ಕಾಗದ ಗುಟ್ಟಾಗಿರಲಿಲ್ಲ, ಗೆಜೆಟ್ಟಿನಲ್ಲೇ ಇತ್ತು. ಕೇಂದ್ರ ಕಾರ್ಮಿಕ ಸಂಘಗಳು ಆಕ್ಷೇಪವನ್ನೂ ಎತ್ತಿದ್ದವು. ಆದರೆ ಗೆಜೆಟ್ಟಿನ ಇಂಗ್ಲಿಷ್, ಹಿಂದಿಗೂ ಪೀಣ್ಯದ ಶೆಡ್ಡಿನ ಕನ್ನಡಕ್ಕೂ ನಡುವೆ ಸೇತುವೆ ಇರಲಿಲ್ಲ. ಆ ಸೇತುವೆ ಫೆಬ್ರವರಿಯಲ್ಲೇ ಇದ್ದಿದ್ದರೆ ಮಾತುಕತೆಗೆ, ಮನವಿಗೆ, ಶಾಂತವಾದ ಮುಷ್ಕರಕ್ಕೆ ಎರಡು ತಿಂಗಳು ಸಿಕ್ಕಿರೋದು. ನನ್ನ ಪ್ರಕಾರ ಈ ಪಾಠದ ತಿರುಳು ಇಷ್ಟೇ: ನಮ್ಮಲ್ಲಿ ಕೊರತೆ ಇರೋದು ಮಾಹಿತಿಯದ್ದಲ್ಲ. ಅದನ್ನ ಓದಿ, ಅದು ಯಾರಿಗೆ ಸೇರಿದ್ದೋ ಅವರ ಕೈಗೆ, ಅವರ ಭಾಷೆಯಲ್ಲಿ, ಹೊತ್ತಿಗೆ ಸರಿಯಾಗಿ ಮುಟ್ಟಿಸೋರದ್ದು.

ಇಎಸ್‌ಐ ಆಸ್ಪತ್ರೆಯ ಗೇಟಿನ ಒಳಗೆ, ಹೊರಗೆ

ಈಗ ನಮ್ಮ ಕಣ್ಣೆದುರಿಗೇ ಇರೋ ವಿಷಯಕ್ಕೆ ಬರೋಣ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ನಿಮಗೆಲ್ಲ ಗೊತ್ತು. 1948ರ ಕಾರ್ಮಿಕರ ರಾಜ್ಯ ವಿಮಾ ಕಾನೂನಿನ ಫಲ ಅದು. ಲೆಕ್ಕ ಸರಳ. ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳ ಇರೋ ನೌಕರನಿಂದ ಶೇ. 0.75, ಮಾಲೀಕನಿಂದ ಶೇ. 3.25 ನಿಧಿಗೆ ಹೋಗತ್ತೆ. 14,000 ಸಂಬಳದ ಕಾಮಾಕ್ಷಿಪಾಳ್ಯದ ಕಾರ್ಮಿಕನೊಬ್ಬ 105 ರೂಪಾಯಿ ಕಟ್ಟಿದರೆ ಮಾಲೀಕ 455 ಕಟ್ಟಬೇಕು. ಅದಕ್ಕೆ ಬದಲಾಗಿ ಅವನಿಗೂ ಮನೆಯವರಿಗೂ ಚಿಕಿತ್ಸೆ. ಹುಷಾರಿಲ್ಲದೆ ರಜೆ ಹಾಕಿದರೆ ಸಂಬಳದ ಒಂದು ಭಾಗ, ಹೆರಿಗೆಗೆ ಭತ್ಯೆ, ಕೆಲಸದಲ್ಲಿ ಅಪಘಾತವಾದರೆ ಪರಿಹಾರ.

ಅದೇ ಆಸ್ಪತ್ರೆಯ ಮುಂದಿನ ರಸ್ತೆಯಲ್ಲಿ ಬೆನ್ನಿಗೆ ಚೀಲ ಹಾಕ್ಕೊಂಡು ಬೈಕಿನಲ್ಲಿ ಹೋಗೋ ಹುಡುಗನಿಗೆ ಆ ಗೇಟು ತೆರೆಯಲ್ಲ. ಯಾಕಂದರೆ ಆಪ್ ಕಂಪನಿಯ ಒಪ್ಪಂದದಲ್ಲಿ ಅವನು "ನೌಕರ" ಅಲ್ಲ, "ಪಾರ್ಟ್‌ನರ್". ಪೆಟ್ರೋಲು ಅವನದು, ಬೈಕಿನ ಇಎಂಐ ಅವನದು, ಮಳೆಯಲ್ಲಿ ನಾಯಂಡಹಳ್ಳಿ ಹತ್ತಿರ ಜಾರಿ ಬಿದ್ದರೆ ಕಾಲೂ ಅವನದೇ. ದರ ನಿಗದಿ, ಆರ್ಡರ್ ಹಂಚಿಕೆ, ಐಡಿ ಬ್ಲಾಕ್ ಮಾಡೋದು ಮಾತ್ರ ಆಪ್‌ನ ಕೈಯಲ್ಲಿ. ಮೇಲೆ ಹೇಳಿದ ಮೂರನೇ ಪ್ರಶ್ನೆ, ತೀರ್ಮಾನ ಯಾರದು ಅನ್ನೋದು, ಇಲ್ಲಿ ಚುಚ್ಚತ್ತೆ.

ನೀತಿ ಆಯೋಗದ 2022ರ ವರದಿಯ ಅಂದಾಜಿನಂತೆ 2020-21ರಲ್ಲಿ ದೇಶದಲ್ಲಿ 77 ಲಕ್ಷ ಗಿಗ್ ಕಾರ್ಮಿಕರಿದ್ದರು. 2029-30ರ ಹೊತ್ತಿಗೆ ಅದು 2.35 ಕೋಟಿ ಆಗಬಹುದು. ಬ್ರಿಟನ್ನಿನ ಸುಪ್ರೀಂ ಕೋರ್ಟು 2021ರ ಫೆಬ್ರವರಿಯಲ್ಲಿ ಊಬರ್ ಚಾಲಕರನ್ನ "ಸ್ವಂತ ಉದ್ಯೋಗಿಗಳು" ಅನ್ನೋಕಾಗಲ್ಲ, ಅವರು ಕಾರ್ಮಿಕರೇ ಅಂತ ತೀರ್ಪು ಕೊಟ್ಟಿತು. ನಮ್ಮಲ್ಲಿ ಅದೇ ವರ್ಷ ಆಪ್ ಆಧಾರಿತ ಸಾರಿಗೆ ಕಾರ್ಮಿಕರ ಒಕ್ಕೂಟವಾದ ಐಫ್ಯಾಟ್ ಸಾಮಾಜಿಕ ಭದ್ರತೆ ಕೇಳಿ ಸುಪ್ರೀಂ ಕೋರ್ಟಿಗೆ ಹೋಯಿತು. 2023ರಲ್ಲಿ ರಾಜಸ್ಥಾನ ದೇಶದ ಮೊದಲ ಗಿಗ್ ಕಾರ್ಮಿಕರ ಕಾನೂನು ಮಾಡಿತು.

ಕರ್ನಾಟಕ 2024ರ ಜೂನ್ 29ರಂದು ಕರಡು ಮಸೂದೆ ಪ್ರಕಟಿಸಿತು. ಸಲಹೆ, ಆಕ್ಷೇಪ ಹೇಳೋಕೆ ಕೊಟ್ಟದ್ದು ಹತ್ತು ದಿನ. 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಬಂತು, ಆಗಸ್ಟಿನಲ್ಲಿ ವಿಧಾನಮಂಡಲ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಈಗ ಅದು "ಕರ್ನಾಟಕ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ (ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ) ಅಧಿನಿಯಮ, 2025". ಹೆಸರು ಉದ್ದ, ಆದರೆ ಕಾನೂನು ದೊಡ್ಡದಲ್ಲ. ಒಂದು ಸಂಜೆ ಸಾಕು.

ಕಾನೂನಿನ ಡೇಟಾಶೀಟ್

ಯಾವ ಕಾನೂನನ್ನೇ ಓದಿ, ಮೊದಲು ವ್ಯಾಖ್ಯೆಗಳ ಕಲಂ ನೋಡಿ. ಪಿನ್ ವಿವರ ಇರೋದು ಅಲ್ಲೇ. "ಗಿಗ್ ಕಾರ್ಮಿಕ" ಅಂದರೆ ಯಾರು, "ಅಗ್ರಿಗೇಟರ್" ಅಂದರೆ ಯಾರು ಅಂತ ತಿಳೀದೆ ಮುಂದಿನದು ಅರ್ಥ ಆಗಲ್ಲ. ಆಮೇಲೆ ಕೊನೆಯ ಅನುಸೂಚಿಗೆ ಹಾರಿ. ಯಾವ ಯಾವ ಸೇವೆಗೆ ಇದು ಅನ್ವಯ ಅಂತ ಪಟ್ಟಿ ಇದೆ: ಬಾಡಿಗೆ ಸವಾರಿ, ಊಟ ಮತ್ತು ದಿನಸಿ ತಲುಪಿಸೋದು, ಸರಕು ಸಾಗಣೆ, ಆರೋಗ್ಯ ಸೇವೆ ಇತ್ಯಾದಿ. ಇಷ್ಟು ನೋಡಿದ ಮೇಲೆ ನಡುವಿನ ಭಾಗಕ್ಕೆ ಬನ್ನಿ. ಮುಖ್ಯವಾದವು ಇವು.

ಒಂದು, ನೋಂದಣಿ. ಕಂಪನಿಗಳು ತಮ್ಮಲ್ಲಿ ದುಡಿಯೋರ ವಿವರವನ್ನ ಕಲ್ಯಾಣ ಮಂಡಳಿಗೆ ಕೊಡಬೇಕು. ಪ್ರತಿ ಕಾರ್ಮಿಕನಿಗೂ ಒಂದು ಗುರುತಿನ ಸಂಖ್ಯೆ ಸಿಗತ್ತೆ.

ಎರಡು, ಕಲ್ಯಾಣ ಶುಲ್ಕ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಕೊಡೋ ಹಣದ ಶೇ. 1ರಿಂದ 5ರ ಒಳಗೆ ಸರ್ಕಾರ ನಿಗದಿ ಮಾಡಿದಷ್ಟನ್ನ ಕಂಪನಿ ಕಟ್ಟಬೇಕು. ಒಂದು ಆರ್ಡರಿಗೆ ರೈಡರ್‌ಗೆ 40 ರೂಪಾಯಿ ಸಿಕ್ಕಿದರೆ ಶುಲ್ಕ 40 ಪೈಸೆಯಿಂದ 2 ರೂಪಾಯಿ. ಬಸವೇಶ್ವರನಗರದಿಂದ ಕೆಂಗೇರಿವರೆಗೆ ಒಂದು ರಾತ್ರಿ ಎಷ್ಟು ಆರ್ಡರ್ ಓಡಾಡತ್ತೆ ಅಂತ ನೀವೇ ಗುಣಿಸಿ ನೋಡಿ.

ಮೂರು, ಕೆಲಸದಿಂದ ತೆಗೆಯೋದು. ಲಿಖಿತ ಕಾರಣ ಕೊಡಬೇಕು, 14 ದಿನ ಮೊದಲು ತಿಳಿಸಬೇಕು. ಇದಕ್ಕೆ ವಿನಾಯಿತಿಗಳೂ ಇವೆ, ಅವನ್ನ ಬಿಡದೆ ಓದಿ. ಡೇಟಾಶೀಟಿನಲ್ಲಿ ಅಡಿಟಿಪ್ಪಣಿ ಓದದೆ ಬೋರ್ಡು ಸುಟ್ಟುಕೊಳ್ಳೋದು ಇದ್ದದ್ದೇ ಅಲ್ವಾ?

ನಾಲ್ಕು, ಆಲ್ಗರಿದಮ್. ಆರ್ಡರ್ ಯಾರಿಗೆ ಹೋಗತ್ತೆ, ರೇಟಿಂಗ್ ಹೇಗೆ ಲೆಕ್ಕ ಆಗತ್ತೆ, ಗಳಿಕೆ ಹೇಗೆ ನಿರ್ಧಾರ ಆಗತ್ತೆ ಅನ್ನೋದರ ಬಗ್ಗೆ ಮಾಹಿತಿ ಕೇಳೋ ಹಕ್ಕು ಕಾರ್ಮಿಕನಿಗಿದೆ. ಸಿಎಸ್, ಐಎಸ್ ಬ್ರಾಂಚಿನವರು ಇಲ್ಲಿ ಕಿವಿ ನೆಟ್ಟಗೆ ಮಾಡ್ಕೊಳ್ಳಿ. ನಾಳೆ ಆ ಕೋಡ್ ಬರೆಯೋರು ನೀವೇ.

ಐದು, ಭಾಷೆ. ಒಪ್ಪಂದ ಸರಳವಾಗಿರಬೇಕು, ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಅಥವಾ ಕಾರ್ಮಿಕನಿಗೆ ಗೊತ್ತಿರೋ ಬೇರೆ ಭಾಷೆಯಲ್ಲಿ ಸಿಗಬೇಕು ಅನ್ನೋದು ಈ ಕಾನೂನಿನ ಆಶಯ. ಕನ್ನಡ ಸಂಘದವರು ನವೆಂಬರಿನಲ್ಲಿ ಬಾವುಟ ಹಾರಿಸಿ ಸುಮ್ಮನಾಗದೆ ಹಿಡಿದು ಕೇಳಬಹುದಾದ ಮಾತು ಇದು.

ಆರು, ದೂರು. ಮೊದಲು ಕಂಪನಿಯೊಳಗಿನ ಸಮಿತಿ, ಅಲ್ಲಿ ಆಗದಿದ್ದರೆ ಸರ್ಕಾರದ ಕುಂದುಕೊರತೆ ಅಧಿಕಾರಿ.

ಇಷ್ಟು ಇದ್ದರೂ ಇಲ್ಲದ್ದು ಏನು ಅಂತಲೂ ನೋಡಬೇಕು. ಈ ಕಾನೂನು ಅವರನ್ನ "ನೌಕರ" ಅಂತ ಕರೆಯಲ್ಲ. ಕನಿಷ್ಠ ವೇತನದ ಖಾತರಿ ಕೊಡಲ್ಲ. ಎಡಪಂಥೀಯ ಸಂಘಟನೆಗಳ ಮುಖ್ಯ ಟೀಕೆ ಇದೇ. ಇನ್ನೊಂದು ಕಡೆ ನಾಸ್‌ಕಾಮ್‌ನಂಥ ಉದ್ಯಮ ಸಂಘಟನೆಗಳು ವ್ಯವಹಾರಕ್ಕೆ ತೊಡಕಾಗತ್ತೆ, ಕೆಲಸದ ಸ್ವಾತಂತ್ರ್ಯವೇ ಈ ಮಾದರಿಯ ಬಲ ಅಂತ ವಾದಿಸಿದವು. ಎರಡೂ ಕಡೆಯ ವಾದ ಅವರವರ ಬರಹದಲ್ಲೇ ಓದಿ. ಎದುರಾಳಿಯ ಮಾತನ್ನ ನಮ್ಮ ಗುಂಪಿನವರ ಬಾಯಲ್ಲಿ ಕೇಳಿದರೆ ಅರ್ಧ ಮಾತ್ರ ಸಿಗತ್ತೆ.

ಯಾವುದು ಎಲ್ಲಿ ಸಿಗತ್ತೆ

ಈಗ ಸಾಮಗ್ರಿಗಳ ಕಪಾಟು. ಎಲ್ಲವೂ ಉಚಿತ.

ಕಾನೂನಿನ ಮೂಲಪಾಠಕ್ಕೆ: ಕರ್ನಾಟಕದ ಅಧಿನಿಯಮಗಳು ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣದಲ್ಲಿ ಸಿಗುತ್ತವೆ, ಕನ್ನಡದಲ್ಲೂ ಇವೆ. ಕೇಂದ್ರದ ಕಾನೂನುಗಳಿಗೆ "ಇಂಡಿಯಾ ಕೋಡ್". ಮಸೂದೆಯ ಸಾರಾಂಶ ಬೇಕಾದರೆ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್. ಆದರೆ ಸಾರಾಂಶ ಓದಿ ನಿಲ್ಲಬೇಡಿ. ಗೈಡು ಓದಿ ಪರೀಕ್ಷೆ ಪಾಸಾಗಬಹುದು, ಸರ್ಕ್ಯೂಟ್ ನಡೆಯಲ್ಲ. ಒಂದು ಎಚ್ಚರಿಕೆ: 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೇ ಲೇಖನ, ಹಳೇ ವಿಡಿಯೋಗಳಲ್ಲಿ ಹೇಳಿರೋ ಕಲಂ ಸಂಖ್ಯೆ ನಂಬಿ ಕೂರಬೇಡಿ, ದಿನಾಂಕ ನೋಡಿ.

ಸರ್ಕಾರದ ಮಾಹಿತಿಗೆ: ಮಾಹಿತಿ ಹಕ್ಕು ಕಾಯ್ದೆ 2005ರದ್ದು. ಅದರ ಹಿಂದೆ ರಾಜಸ್ಥಾನದ ಹಳ್ಳಿಯ ಕೂಲಿಕಾರರ ಹೋರಾಟ ಇದೆ. ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1996ರಲ್ಲಿ ಬ್ಯಾವರ್ ಊರಲ್ಲಿ 40 ದಿನ ಧರಣಿ ಕೂತು ಕೇಳಿದ್ದು, ನಮ್ಮ ಕೂಲಿಯ ಲೆಕ್ಕದ ಕಾಗದ ತೋರಿಸಿ ಅಂತ. ಅವರು ಬಿಸಿಲಲ್ಲಿ ಕೂತು ಪಡೆದದ್ದನ್ನ ನಾವು ಹಾಸ್ಟೆಲಿನಲ್ಲಿ ಕೂತು ಬಳಸಬಹುದು. ಕರ್ನಾಟಕಕ್ಕೆ ಆರ್‌ಟಿಐ ಆನ್‌ಲೈನ್ ಪೋರ್ಟಲ್ ಇದೆ. ಶುಲ್ಕ 10 ರೂಪಾಯಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಅಥವಾ ಸರಿ ಇಲ್ಲದಿದ್ದರೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ ಕರ್ನಾಟಕ ಮಾಹಿತಿ ಆಯೋಗ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದ ಮಿತಿ. ಅರ್ಜಿ ಹಾಕೋ ಮುಂಚೆ ರಾಜ್ಯ ಸರ್ಕಾರದ "ಮಾಹಿತಿ ಕಣಜ" ನೋಡಿ. ಪಡಿತರ, ಪಿಂಚಣಿ, ನರೇಗಾ ಥರದ ಹಲವು ಇಲಾಖೆಗಳ ಮಾಹಿತಿ ಅರ್ಜಿ ಇಲ್ಲದೇ ಅಲ್ಲಿ ಸಿಗತ್ತೆ.

ಅರ್ಜಿಯಲ್ಲಿ "ಯಾಕೆ" ಅಂತ ಕೇಳಬೇಡಿ. ಯಾಕೆ ಅನ್ನೋದಕ್ಕೆ ಕಡತ ಇರಲ್ಲ. "ನಿಮ್ಮ ಮಂಡಳಿ ಗಿಗ್ ಕಾರ್ಮಿಕರಿಗೆ ಏನೂ ಮಾಡ್ತಿಲ್ಲ ಯಾಕೆ?" ಅನ್ನೋದು ಜಗಳ. "ಈ ದಿನಾಂಕದವರೆಗೆ ನೋಂದಣಿಯಾದ ಕಂಪನಿಗಳ ಪಟ್ಟಿ, ನೋಂದಣಿಯಾದ ಕಾರ್ಮಿಕರ ಸಂಖ್ಯೆ, ವಸೂಲಾದ ಶುಲ್ಕದ ಮೊತ್ತ, ಬಂದ ದೂರುಗಳು ಮತ್ತು ಇತ್ಯರ್ಥವಾದ ದೂರುಗಳ ಸಂಖ್ಯೆ ಕೊಡಿ" ಅನ್ನೋದು ಅರ್ಜಿ. ಎರಡನೆಯದಕ್ಕೆ ಉತ್ತರ ಬಂದರೆ ಮೊದಲನೆಯದಕ್ಕೂ ಉತ್ತರ ತಾನಾಗೇ ಸಿಗತ್ತೆ.

ಸಂಶೋಧನೆಗೆ: "ಫೇರ್‌ವರ್ಕ್ ಇಂಡಿಯಾ" ವರದಿಗಳನ್ನ ಹುಡುಕಿ. ಬೆಂಗಳೂರಿನದೇ ಐಐಐಟಿಯ ಸಂಶೋಧಕರು ಆಕ್ಸ್‌ಫರ್ಡ್ ಜೊತೆ ಸೇರಿ ತರೋ ವರದಿ. ವೇತನ, ಕೆಲಸದ ಸ್ಥಿತಿ, ಒಪ್ಪಂದ, ನಿರ್ವಹಣೆ, ಪ್ರಾತಿನಿಧ್ಯ ಅನ್ನೋ ಐದು ತತ್ವಗಳ ಮೇಲೆ ಹತ್ತಕ್ಕೆ ಅಂಕ ಕೊಡ್ತಾರೆ. 2023ರಲ್ಲೂ 2024ರಲ್ಲೂ ಪ್ರಾತಿನಿಧ್ಯದಲ್ಲಿ, ಅಂದರೆ ಕಾರ್ಮಿಕರ ಸಂಘಟಿತ ದನಿಗೆ ಮನ್ನಣೆ ಕೊಡೋದರಲ್ಲಿ, ಒಂದು ಕಂಪನಿಗೂ ಅಂಕ ಬರಲಿಲ್ಲ. ಅಂಕ ಹೇಗೆ ಕೊಟ್ಟರು ಅನ್ನೋ ವಿಧಾನವೂ ವರದಿಯಲ್ಲೇ ಇದೆ. ನಮ್ಮ ಫೈನಲ್ ಇಯರ್ ಪ್ರಾಜೆಕ್ಟಿಗೂ ಅದು ಮಾದರಿ. ಹಳ್ಳಿಗಳ ದುಡಿಮೆಯ ಬದುಕು ತಿಳೀಬೇಕಾದರೆ ಪಿ. ಸಾಯಿನಾಥ್ 2014ರಲ್ಲಿ ಶುರು ಮಾಡಿದ "ಪರಿ" ಇದೆ, ಕನ್ನಡದಲ್ಲೂ ಲೇಖನಗಳಿವೆ.

ಚಿಂತನೆಗೆ: ಅಂಬೇಡ್ಕರ್ ಅವರ ಬರಹ, ಭಾಷಣಗಳ ಇಂಗ್ಲಿಷ್ ಸಂಪುಟಗಳು ಪಿಡಿಎಫ್ ರೂಪದಲ್ಲಿ ಕೇಂದ್ರದ ವಿದೇಶಾಂಗ ಸಚಿವಾಲಯದ ಜಾಲತಾಣದಲ್ಲೇ ಇವೆ. ಅವರು ಸಂವಿಧಾನ ಬರೆದದ್ದು ಎಲ್ಲರಿಗೂ ಗೊತ್ತು. 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡ್ಕೊಂಡಿದ್ದು ಅಷ್ಟಾಗಿ ಗೊತ್ತಿಲ್ಲ. ಹತ್ತನೇ ಸಂಪುಟ ಪೂರ್ತಿ ಆ ಕಾಲದ್ದು. ಜಾತಿಯ ಪ್ರಶ್ನೆ ಬಿಟ್ಟು ವರ್ಗದ ಪ್ರಶ್ನೆ ಮಾತ್ರ ಹಿಡಿಯೋರು, ವರ್ಗ ಬಿಟ್ಟು ಜಾತಿ ಮಾತ್ರ ಹಿಡಿಯೋರು, ಇಬ್ಬರೂ ಅದನ್ನ ಓದಬೇಕು.

"ಮಾರ್ಕ್ಸಿಸ್ಟ್ಸ್ ಇಂಟರ್ನೆಟ್ ಆರ್ಕೈವ್"ನಲ್ಲಿ ಮಾರ್ಕ್ಸ್ ಬರಹಗಳು ಇಂಗ್ಲಿಷಿನಲ್ಲಿ ಸಿಗುತ್ತವೆ. ದಪ್ಪ ಪುಸ್ತಕ ನೋಡಿ ಹೆದರಬೇಡಿ. 1880ರಲ್ಲಿ ಅವರು ಫ್ರಾನ್ಸಿನ ಕಾರ್ಮಿಕರಿಗಾಗಿ ಮಾಡಿದ ಒಂದು ಪ್ರಶ್ನಾವಳಿ ಇದೆ, ಸುಮಾರು ನೂರು ಪ್ರಶ್ನೆ. ದಿನಕ್ಕೆ ಎಷ್ಟು ಗಂಟೆ ಕೆಲಸ, ಮನೆಯಿಂದ ಎಷ್ಟು ದೂರ, ಅಪಘಾತವಾದರೆ ಮಾಲೀಕ ಏನು ಕೊಡ್ತಾನೆ, ದಂಡ ಹಾಕ್ತಾರಾ, ಈ ಥರ. 25,000 ಪ್ರತಿ ಹಂಚಿದರು, ಉತ್ತರ ಬಂದದ್ದು ಬೆರಳೆಣಿಕೆಯಷ್ಟು. ಗೂಗಲ್ ಫಾರ್ಮ್ ಕಳಿಸಿ ಮೂರು ರೆಸ್ಪಾನ್ಸ್ ಬಂದಾಗ ಮಾರ್ಕ್ಸ್‌ಗೂ ಹೀಗೇ ಆಗಿತ್ತು ಅಂತ ಸಮಾಧಾನ ಮಾಡ್ಕೊಳ್ಳಬಹುದು. ಆದರೆ ಆ ಪ್ರಶ್ನೆಗಳನ್ನ ಇವತ್ತು ಓದಿ ನೋಡಿ, ಮುಕ್ಕಾಲು ಭಾಗ ವಿಜಯನಗರದ ಡೆಲಿವರಿ ಹುಡುಗನಿಗೂ ಹೊಂದತ್ತೆ. ಮೊದಲು ಕೇಳು, ಆಮೇಲೆ ಹೇಳು ಅನ್ನೋ ಪಾಠ ಅದರಲ್ಲಿದೆ.

ಐಡಿ ಬ್ಲಾಕ್ ಆದರೆ

ಓದಿದ್ದನ್ನ ಬಳಸೋದು ಹೇಗೆ? ಒಂದು ಊಹೆಯ ಉದಾಹರಣೆ ತಗೊಳ್ಳೋಣ. ಹಾಸ್ಟೆಲ್ ಗೇಟಿಗೆ ದಿನಾ ಊಟ ತರೋ ಅಣ್ಣ ಒಬ್ಬರು, "ಐಡಿ ಬ್ಲಾಕ್ ಆಗಿದೆ ಸರ್, ಕಾರಣ ಗೊತ್ತಿಲ್ಲ" ಅಂತಾರೆ. ತಕ್ಷಣ ಫೋನ್ ತೆಗೆದು ಅವರ ಮುಖದ ವಿಡಿಯೋ ಮಾಡಿ ರೀಲ್ಸ್ ಹಾಕೋದು ಸುಲಭ. ನಮಗೆ ಲೈಕು, ಅವರಿಗೆ ಇನ್ನೊಂದು ಆಪ್‌ನಲ್ಲೂ ಕೆಲಸ ಸಿಗದೆ ಹೋಗೋ ಅಪಾಯ. ಬದಲಿಗೆ ಹೀಗೆ ಮಾಡಬಹುದು.

ಮೊದಲು ಪೂರ್ತಿ ಕೇಳಿಸ್ಕೊಳ್ಳಿ. ಯಾವ ದಿನ, ಎಷ್ಟು ಗಂಟೆಗೆ, ಪರದೆಯ ಮೇಲೆ ಬಂದ ಮಾತು ಏನು? ಸ್ಕ್ರೀನ್‌ಶಾಟ್ ತೆಗೆಯೋಕೆ ಹೇಳಿ. ಕಳೆದ ತಿಂಗಳ ಗಳಿಕೆ, ರೇಟಿಂಗ್, ಕಂಪನಿಗೆ ಕೊಟ್ಟ ದೂರಿನ ಸಂಖ್ಯೆ ಎಲ್ಲ ಇರಲಿ. ಲಾಗಿನ್ ಪೂರ್ತಿ ಬಂದ್ ಆದರೆ ಇದ್ಯಾವುದೂ ಸಿಗಲ್ಲ. ಈ ಫೈಲುಗಳು ಇರಬೇಕಾದದ್ದು ಅವರ ಫೋನಿನಲ್ಲಿ, ಅವರ ಮೇಲ್‌ನಲ್ಲಿ. ನಿಮ್ಮ ಕ್ಲಬ್ಬಿನ ಡ್ರೈವಿನಲ್ಲಿ ಅಲ್ಲ.

ಎರಡನೆಯದು, ಒಪ್ಪಂದ. ಆಪ್‌ನ ಷರತ್ತುಗಳ ಪುಟ ತೆರೆದು ಉಳಿಸಿಕೊಳ್ಳಿ. ತೆಗೆದುಹಾಕೋಕೆ ಯಾವ ಕಾರಣಗಳನ್ನ ಬರೆದಿದ್ದಾರೆ? ಇವರದು ಅದರಲ್ಲಿ ಬರತ್ತಾ?

ಮೂರನೆಯದು, ಅಧಿನಿಯಮದ ಪಕ್ಕ ಇಟ್ಟು ಹೋಲಿಸಿ. ಲಿಖಿತ ಕಾರಣ ಕೊಟ್ಟಿದ್ದಾರಾ? 14 ದಿನ ಸಿಕ್ಕಿತಾ? ವಿನಾಯಿತಿಗೆ ಬರೋ ಪ್ರಸಂಗವಾ? ಇಲ್ಲಿ ಪ್ರಾಮಾಣಿಕವಾಗಿರಿ. ಕೆಲವೊಮ್ಮೆ ಕಂಪನಿಯ ಕಡೆಯೂ ಸರಿ ಇರತ್ತೆ. ಇಲ್ಲದ ಭರವಸೆ ಕೊಡೋದು ಸಹಾಯ ಅಲ್ಲ.

ನಾಲ್ಕನೆಯದು, ದೂರು. ಒಂದು ಪುಟ, ಕನ್ನಡದಲ್ಲಿ, ದಿನಾಂಕದ ಕ್ರಮದಲ್ಲಿ. ವಿಶೇಷಣ ಬೇಡ, ಕಣ್ಣೀರು ಬೇಡ, ಏನಾಯ್ತು, ಏನು ಬೇಕು ಅಷ್ಟೇ. ಬರೆದದ್ದನ್ನ ಅವರಿಗೆ ಓದಿ ಹೇಳಿ, ಸಹಿ ಹಾಕೋ ಅಥವಾ ಹಾಕದೆ ಇರೋ ತೀರ್ಮಾನ ಅವರದು.

ಐದನೆಯದು, ಸಂಘ. ಒಬ್ಬರ ದೂರು ಕಡತ ಆಗತ್ತೆ, ಹತ್ತು ಜನರದ್ದು ಒಂದೇ ಥರ ಇದ್ದರೆ ಅದು ಪುರಾವೆ ಆಗತ್ತೆ. ಕಾರ್ಮಿಕ ಸಂಘಗಳು ನೂರು ವರ್ಷದಿಂದ ಮಾಡ್ಕೊಂಡು ಬಂದಿರೋದು ಇದನ್ನೇ. ಐಫ್ಯಾಟ್‌ನಂಥ ಒಕ್ಕೂಟಗಳಿವೆ, ಎಐಟಿಯುಸಿ, ಸಿಐಟಿಯುಗಳಂಥ ಹಳೇ ಸಂಘಟನೆಗಳಿವೆ. ಯಾವುದಕ್ಕೆ ಸೇರಬೇಕು ಅನ್ನೋದೂ ಅವರ ಆಯ್ಕೆಯೇ. ನಾವು ಅವರ ಪರವಾಗಿ ಮಾತಾಡೋ ನಾಯಕರಲ್ಲ, ಅವರ ಕಾಗದ ಓದಿಕೊಡೋ ಜೊತೆಗಾರರು.

ನಮ್ಮ ಸರದಿ

"ಇದೆಲ್ಲ ಅವರ ಸಮಸ್ಯೆ, ನಮಗೆ ಪ್ಲೇಸ್‌ಮೆಂಟ್ ಮುಖ್ಯ" ಅನ್ನೋರಿಗೆ ಒಂದು ಮಾತು. ನಾವು ಸೇರೋಕೆ ಕಾಯ್ತಿರೋ ಐಟಿ ಕಂಪನಿಗಳಿಗೆ ಕರ್ನಾಟಕ ಸರ್ಕಾರ 2014ರಲ್ಲಿ ಸ್ಥಾಯಿ ಆದೇಶಗಳ ಕಾನೂನಿನಿಂದ ಷರತ್ತಿನ ಮೇಲೆ ವಿನಾಯಿತಿ ಕೊಟ್ಟಿತು, 2019ರಲ್ಲೂ 2024ರಲ್ಲೂ ಅದನ್ನ ಮುಂದುವರಿಸಿತು. ಕೆಲಸದ ಷರತ್ತು, ಶಿಸ್ತುಕ್ರಮ, ಕೆಲಸದಿಂದ ತೆಗೆಯೋ ವಿಧಾನ ಇವೆಲ್ಲ 2025ರವರೆಗೆ ಬರ್ತಿದ್ದದ್ದು ಆ ಕಾನೂನಿನಲ್ಲಿ. ದೂರು ಪರಿಹಾರ ಸಮಿತಿ ಇರಬೇಕು, ಶಿಸ್ತುಕ್ರಮಗಳನ್ನ ಕಾರ್ಮಿಕ ಇಲಾಖೆಗೆ ತಿಳಿಸಬೇಕು ಅನ್ನೋದು ವಿನಾಯಿತಿಯ ಷರತ್ತುಗಳಾಗಿದ್ದವು. ಆಫರ್ ಲೆಟರಿನಲ್ಲಿ ಸಿಟಿಸಿ ಮಾತ್ರ ನೋಡೋ ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

2024ರ ಜುಲೈನಲ್ಲಿ ಐಟಿ ಕೆಲಸದ ಅವಧಿಯನ್ನ ಓವರ್‌ಟೈಮ್ ಸೇರಿ ದಿನಕ್ಕೆ 14 ಗಂಟೆವರೆಗೆ ಏರಿಸೋ ಪ್ರಸ್ತಾಪ ಸುದ್ದಿಯಾಯಿತು. ಮುಂದೆ ಬಂದು ವಿರೋಧಿಸಿದ್ದು ಐಟಿ ನೌಕರರ ಸಂಘವಾದ ಕಿಟು. "ಸಾಫ್ಟ್‌ವೇರ್ ಎಂಜಿನಿಯರ್‌ಗೆ ಎಂಥ ಯೂನಿಯನ್?" ಅಂತ ನಗೋರು ಆ ವಾರ ಕಿಟು ಹೇಳಿಕೆಗಳನ್ನೇ ಫಾರ್ವರ್ಡ್ ಮಾಡಿದರು.

ನಮ್ಮವರು ಮನಸ್ಸು ಮಾಡಿದರೆ ಏನಾಗತ್ತೆ ಅನ್ನೋದಕ್ಕೂ ಉದಾಹರಣೆ ಇದೆ. 2015ರ ಮಾರ್ಚ್ 27ರಂದು ಟ್ರಾಯ್ ಇಂಟರ್ನೆಟ್ ಸೇವೆಗಳ ಬಗ್ಗೆ ಸಮಾಲೋಚನಾ ಪತ್ರ ಹೊರಡಿಸಿತು. ನೂರಕ್ಕೂ ಹೆಚ್ಚು ಪುಟದ ಒಣ ಇಂಗ್ಲಿಷ್. ಕೆಲವರು ಕೂತು ಅದನ್ನ ಓದಿ, ಸರಳ ಮಾಡಿ, ಉತ್ತರದ ಮಾದರಿ ಬರೆದು ಹಂಚಿದರು. ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಹೋದವು. ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದಂಥ, ಎಂಜಿನಿಯರಿಂಗ್ ವಿದ್ಯಾರ್ಥಿಗಳೇ ತುಂಬಿದ್ದ ಸಂಘಟನೆಗಳೂ ಆ ಚರ್ಚೆಯಲ್ಲಿದ್ದವು. 2016ರ ಫೆಬ್ರವರಿ 8ರಂದು ಟ್ರಾಯ್ ಜಾಲತಾಣಕ್ಕೊಂದು ದರ ಅನ್ನೋ ತಾರತಮ್ಯವನ್ನ ನಿಷೇಧಿಸಿತು.

ಅದರ ಎರಡು ದಿನದ ನಂತರ, ಅದೇ ಫೆಬ್ರವರಿ 10ರಂದು, ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಪಿಎಫ್ ಅಧಿಸೂಚನೆ ಹೊರಟಿತು. ನಮ್ಮ ಇಂಟರ್ನೆಟ್ಟಿನ ಕಾಗದ ಓದೋಕೆ ಜನ ಇದ್ದರು. ಅವರ ಪಿಎಫ್‌ನ ಕಾಗದ ಸರಳ ಮಾಡಿ ಅವರಿಗೆ ಮುಟ್ಟಿಸೋಕೆ ಅಷ್ಟು ಜನ ಇರಲಿಲ್ಲ. ಅವರು ರಸ್ತೆಯಲ್ಲಿ ಲಾಠಿ ಏಟು ತಿಂದು ಅದನ್ನ ಓದಿಸಬೇಕಾಯಿತು.

ಈ ತಿಂಗಳ ಅಭ್ಯಾಸ

1. ಗಿಗ್ ಕಾರ್ಮಿಕರ ಅಧಿನಿಯಮದ ಕನ್ನಡ ಪಾಠ ಇಳಿಸಿಕೊಂಡು ವ್ಯಾಖ್ಯೆಗಳ ಕಲಂ ಮತ್ತು ಅನುಸೂಚಿ ಓದಿ. ಅರ್ಥವಾಗದ ಪದಗಳ ಪಟ್ಟಿ ಮಾಡಿ. ಸಂಘದ ಸಭೆಯಲ್ಲಿ ಒಂದೊಂದು ಪದಕ್ಕೂ ಬೀದಿಯಲ್ಲಿ ಆಡೋ ಕನ್ನಡ ಹುಡುಕೋಣ.

2. ನಾಲ್ಕು ಜನರ ಗುಂಪು ಮಾಡಿಕೊಂಡು, ಕಾರ್ಮಿಕ ಇಲಾಖೆಗೆ ಒಂದು ಆರ್‌ಟಿಐ ಅರ್ಜಿ ಬರೆಯಿರಿ. ಒಂದೇ ವಿಷಯ, 150 ಪದದೊಳಗೆ, ಒಂದೂ "ಯಾಕೆ" ಇಲ್ಲದೆ.

3. ಅಧಿನಿಯಮದ ಆರು ಅಂಶಗಳನ್ನ ಒಂದೇ ಪುಟದ ಕರಪತ್ರ ಮಾಡಿ. ಅಚ್ಚಿಗೆ ಕೊಡೋ ಮುಂಚೆ ಗೇಟಿನ ಹತ್ತಿರ ಬಿಡುವಾಗಿರೋ ಒಬ್ಬ ಡೆಲಿವರಿ ಅಣ್ಣನಿಗೆ ತೋರಿಸಿ. ಅವರಿಗೆ ಅರ್ಥವಾಗದ ಸಾಲು ಇದ್ದರೆ ತಪ್ಪು ಸಾಲಿನದು. ತಿದ್ದಿ, ಮತ್ತೆ ತೋರಿಸಿ.

ಮೂರನೆಯದನ್ನ ಮಾತ್ರ ಯಾರೂ ಬಿಡಬೇಡಿ. ನಾವು ಓದಿದ್ದು ನಮಗೆ ಅರ್ಥ ಆಗಿದೆಯಾ ಅನ್ನೋದು ಗೊತ್ತಾಗೋದು ಅಲ್ಲೇ.